ಬೈತುಲ್ ಮುಖದ್ದಸ್ ಮತ್ತು ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿ

ಯಹೂದಿ, ಕ್ರೈಸ್ತ ಮತ್ತು ಮುಸ್ಲಿಮ್ ಈ ಮೂರೂ ಸಮುದಾಯಗಳಿಗೆ ಪವಿತ್ರವಾದ ನಗರ ಜೆರುಸಲೇಮ್. ನಾವು ಅದನ್ನು ಬೈತುಲ್ ಮುಖದ್ದಸ್ ಎನ್ನುತ್ತೇವೆ. ಮುಸ್ಲಿಮರ ಮೊದಲ ಖಿಬ್ಲಾ ಅದೇ ಆಗಿತ್ತು. 7ನೇ ಶತಮಾನದಲ್ಲಿ ಖಲೀಫ ಉಮರ್(ರ)ರವರ ಕಾಲದಲ್ಲಿ ನಗರವು ಮುಸ್ಲಿಮರ ಆಡಳಿತಕ್ಕೆ ಬಂದಾಗ ಕ್ರೈಸ್ತರ ಪ್ರಾಣ ಮತ್ತು ಚರ್ಚುಗಳಿಗೆ ಅಭಯ ದೊರೆಯಿತು. ಆದರೆ 1099ರಲ್ಲಿ ಶಿಲುಬೆ ಯೋಧರು ನಗರವನ್ನು ಗೆದ್ದಾಗ ಅಲ್ಲಿದ್ದ ಮುಸ್ಲಿಮರನ್ನೂ ಯಹೂದಿಯರನ್ನೂ ಕೊಂದು ರಕ್ತ ಹರಿಸಿದರು. ಮಸ್ಜಿದುಲ್ ಅಕ್ಸಾ ಅವರ ಯೋಧರ ನೆಲೆಯಾಯಿತು.

ಈ ಘಟನೆಯ ಸುಮಾರು 40 ವರ್ಷಗಳ ನಂತರ, ಈಗಿನ ಇರಾಕಿನ ತಿಕ್ರಿತ್‌ನಲ್ಲಿ ಒಂದು ಕುರ್ದ್ ಕುಟುಂಬದಲ್ಲಿ ಸಲಾಹುದ್ದೀನ್ ಜನಿಸಿದರು. ತಂದೆ ನಜ್ಮುದ್ದೀನ್ ಅಯ್ಯೂಬ್. ಚಿಕ್ಕಪ್ಪ ಶಿರ್ಕೂಹ್ ಜೊತೆ ಈಜಿಪ್ಟ್‌ಗೆ ಹೋದ ಅವರು 1169ರಲ್ಲಿ ಅಲ್ಲಿನ ವಝೀರರಾದರು. 1174ರಲ್ಲಿ ಸುಲ್ತಾನ್ ನೂರುದ್ದೀನ್ ನಿಧನರಾದ ಬಳಿಕ ದಮಾಸ್ಕಸ್ ಕೂಡ ಅವರ ಕೈಗೆ ಬಂತು. ಆದರೂ ಒಡೆದುಹೋಗಿದ್ದ ಮುಸ್ಲಿಮ್ ನಾಡುಗಳನ್ನು ಒಂದುಗೂಡಿಸಲು ಅವರಿಗೆ ಇನ್ನೂ ಹತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

1187ರ ಜುಲೈಯಲ್ಲಿ ಹಿತ್ತೀನ್ ಎಂಬಲ್ಲಿ ಬಾಯಾರಿ ಬಳಲಿದ್ದ ಶಿಲುಬೆ ಸೈನ್ಯವನ್ನು ಅವರು ಸೋಲಿಸಿದರು. ಸೆಪ್ಟೆಂಬರ್‌ನಲ್ಲಿ ಜೆರುಸಲೇಮಿಗೆ ಮುತ್ತಿಗೆ ಹಾಕಿದರು. 1099ರಂತೆಯೇ ಕತ್ತಿಯಿಂದಲೇ ನಗರವನ್ನು ಗೆಲ್ಲುವುದು ಅವರ ಮೊದಲ ನಿರ್ಧಾರವಾಗಿತ್ತು. ನಗರದ ರಕ್ಷಣೆಯ ಹೊಣೆ ಹೊತ್ತಿದ್ದ ಬಾಲಿಯನ್ ಸಂಧಾನಕ್ಕೆ ಬಂದ. ಅಭಯ ಕೊಡದಿದ್ದರೆ ಮುಸ್ಲಿಮ್ ಕೈದಿಗಳನ್ನು ಕೊಂದು, ಪವಿತ್ರ ಸ್ಥಳಗಳನ್ನು ಕೆಡವಿಯೇ ಸಾಯುವುದಾಗಿ ಎಚ್ಚರಿಸಿದ. ಸುಲ್ತಾನರು ತಮ್ಮವರೊಂದಿಗೆ ಸಮಾಲೋಚಿಸಿ ನಿರ್ಧಾರ ಬದಲಿಸಿದರು. ಗಂಡಸಿಗೆ 10 ದೀನಾರ್, ಹೆಂಗಸಿಗೆ 5, ಮಕ್ಕಳಿಗೆ ಅದಕ್ಕಿಂತ ಕಡಿಮೆ ಬಿಡುಗಡೆ ಹಣ ಎಂದು ಒಪ್ಪಂದವಾಯಿತು.

1187ರ ಅಕ್ಟೋಬರ್ 2, ಹಿಜರಿ 583ರ ರಜಬ್ 27, ಶುಕ್ರವಾರ. ಮಿಅ್‌ರಾಜ್‌ನ ದಿನವೆಂದು ನಂಬಲಾಗುವ ಅಂದು ನಗರ ಶರಣಾಯಿತು. ಹತ್ಯಾಕಾಂಡ ನಡೆಯಲಿಲ್ಲ. ಹಣವಿಲ್ಲದ ಸಾವಿರ ಮಂದಿಯನ್ನು ಸುಲ್ತಾನರ ತಮ್ಮ ಆದಿಲ್ ಕೇಳಿ ಪಡೆದು ಬಿಡುಗಡೆ ಮಾಡಿದರು. ವೃದ್ಧರನ್ನು ಸುಲ್ತಾನರು ಹಾಗೆಯೇ ಬಿಟ್ಟರು. ಆದರೂ ಹಣ ಕಟ್ಟಲಾಗದ ಸಾವಿರಾರು ಜನ ಗುಲಾಮರಾದರು ಎಂಬುದನ್ನೂ ಇತಿಹಾಸ ಮರೆಮಾಚುವುದಿಲ್ಲ.

ಅಕ್ಸಾವನ್ನು ಪನ್ನೀರಿನಿಂದ ತೊಳೆಯಲಾಯಿತು. ನೂರುದ್ದೀನ್ ಬಹಳ ಹಿಂದೆಯೇ ಈ ದಿನಕ್ಕಾಗಿ ಮಾಡಿಸಿಟ್ಟಿದ್ದ ಮಿಂಬರನ್ನು ಅಲೆಪ್ಪೊದಿಂದ ತಂದು ಅಲ್ಲಿಟ್ಟರು. ಕ್ರೈಸ್ತರ ಪ್ರಮುಖ ಚರ್ಚನ್ನು ಕೆಡವಬೇಕೆಂದು ಕೆಲವರು ಸಲಹೆ ನೀಡಿದಾಗ ಸುಲ್ತಾನರು ಒಪ್ಪಲಿಲ್ಲ. ಉಮರ್(ರ)ರವರ ಮಾದರಿ ಅವರ ಕಣ್ಣ ಮುಂದಿತ್ತು. ಯಹೂದಿಯರಿಗೂ ನಗರದಲ್ಲಿ ನೆಲೆಸಲು ಮತ್ತೆ ಅವಕಾಶ ಸಿಕ್ಕಿತು.

ನಗರವನ್ನು ಮರಳಿ ಪಡೆಯಲು ಇಂಗ್ಲೆಂಡಿನ ರಾಜ ರಿಚರ್ಡ್ ದಂಡೆತ್ತಿ ಬಂದ. ಆತ ಕಾಯಿಲೆ ಬಿದ್ದಾಗ ಸುಲ್ತಾನರು ಹಣ್ಣು ಮತ್ತು ಹಿಮ ಕಳುಹಿಸಿಕೊಟ್ಟರು. 1192ರ ಒಪ್ಪಂದದಂತೆ ನಗರ ಮುಸ್ಲಿಮರಲ್ಲಿಯೇ ಉಳಿಯಿತು. ಆಯುಧವಿಲ್ಲದೆ ಬರುವ ಕ್ರೈಸ್ತ ಯಾತ್ರಿಕರಿಗೆ ದಾರಿ ತೆರೆಯಿತು.

1193ರ ಮಾರ್ಚ್ 4ರಂದು ಸುಲ್ತಾನರು ದಮಾಸ್ಕಸ್‌ನಲ್ಲಿ ನಿಧನರಾದರು. ಈಜಿಪ್ಟ್ ಮತ್ತು ಸಿರಿಯಾದ ಒಡೆಯರ ಸ್ವಂತ ಖಜಾನೆಯಲ್ಲಿ ಉಳಿದಿದ್ದುದು ಒಂದು ಚಿನ್ನದ ನಾಣ್ಯ ಮತ್ತು ಕೆಲವು ಬೆಳ್ಳಿ ದಿರ್ಹಮ್ ಮಾತ್ರ. ಅವರ ಅಂತ್ಯಕ್ರಿಯೆಯ ಖರ್ಚಿಗೂ ಸಾಲ ಮಾಡಬೇಕಾಯಿತು.

ಗೆದ್ದವನ ಗುಣ ತಿಳಿಯುವುದು ಸೋತವರು ಅವನ ಕೈಗೆ ಸಿಕ್ಕಾಗ. ಹಿಂದಿನವರ ರಕ್ತಕ್ಕೆ ರಕ್ತದಿಂದ ಉತ್ತರ ಕೊಡುವ ಶಕ್ತಿ ಇದ್ದೂ ಕೈ ತಡೆದದ್ದರಿಂದಲೇ ಎದುರಾಳಿಗಳ ನಾಡಿನಲ್ಲೂ ಸಲಾಹುದ್ದೀನರ ಹೆಸರು ಗೌರವದಿಂದ ಉಳಿದಿದೆ.