ನರತಂತುವಿನ ಹಾದಿಯನ್ನರಸಿದ ಕಹಾಲ್

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಕೊನೆ ಇಳಿಸಲು ಅಡಿಕೆ ಮರವೇರಿ ಜಾರಿಬಿದ್ದವರ ಸುದ್ದಿಯನ್ನು ಕೇಳದವರು ವಿರಳ. ಕತ್ತಿ ತಾಗಿ ಬೆರಳಿನ ನರ ತುಂಡಾದರೆ, ಅದನ್ನು ಜೋಡಿಸಿ ಹೊಲಿದ ಕೆಲವು ತಿಂಗಳುಗಳ ತರುವಾಯ ಸ್ಪರ್ಶಜ್ಞಾನವು ಬಹುಮಟ್ಟಿಗೆ ಮರಳುವುದುಂಟು. ಬೆನ್ನುಹುರಿ ಕಡಿದವನ ಕಾಲುಗಳಾದರೋ ಮತ್ತೆ ಏಳುವುದಿಲ್ಲ. ಒಂದೇ ದೇಹದ ನರಗಳಲ್ಲಿ ಈ ಭೇದವೇಕೆ? ಈ ಪ್ರಶ್ನೆಯ ಬೆನ್ನುಹತ್ತಿ ವರ್ಷಗಟ್ಟಲೆ ಶ್ರಮಿಸಿದ ಮಹನೀಯರು ಸ್ಪೇನ್ ದೇಶದ ಸಾಂತಿಯಾಗೋ ರಮೋನ್ ಇ ಕಹಾಲ್.

1852ರ ಮೇ 1ರಂದು ಪೆಟಿಲ್ಲ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ ಅವರ ಜನನವಾಯಿತು. ತಂದೆ ವೈದ್ಯರು; ಮಗನಿಗೋ ಚಿತ್ರ ಬರೆಯುವ ಹುಚ್ಚು. ಪಾಠ ಒಪ್ಪದ ಹುಡುಗನನ್ನು ಕ್ಷೌರಿಕನ ಬಳಿಯಲ್ಲಿಯೂ ಪಾದರಕ್ಷೆ ಹೊಲಿಯುವವನ ಬಳಿಯಲ್ಲಿಯೂ ಕೆಲಸಕ್ಕಿಟ್ಟರು. ಕೊನೆಗೆ ತಂದೆ ಸ್ಮಶಾನದಿಂದ ಎಲುಬುಗಳನ್ನು ಆಯ್ದು ತಂದು ಅಂಗರಚನೆಯನ್ನು ಕಲಿಸತೊಡಗಿದಾಗ, ಅವನ್ನು ಚಿತ್ರಿಸುವ ಆಸೆಯಿಂದಲೇ ಬಾಲಕನು ಶಾಸ್ತ್ರಕ್ಕೆ ಒಲಿದನು. ತರಗತಿಯ ತಂಟೆಕೋರರನ್ನು ಕುರಿತು ಅವಸರದ ತೀರ್ಪು ಕೊಡುವ ನಾವು ಉಪಾಧ್ಯಾಯರು ನೆನೆಯಬೇಕಾದ ಸಂಗತಿಯಿದು.

ಸೈನ್ಯದ ವೈದ್ಯರಾಗಿ 1874ರಲ್ಲಿ ಕ್ಯೂಬಾಕ್ಕೆ ಹೋದ ಕಹಾಲರು ಮಲೇರಿಯಾದಿಂದ ಜರ್ಝರಿತರಾಗಿ ಹಿಂದಿರುಗಿದರು. 1885ರ ಕಾಲರಾ ಪಿಡುಗಿನಲ್ಲಿ ಅವರು ಮಾಡಿದ ಅಧ್ಯಯನವನ್ನು ಮೆಚ್ಚಿ ಜರಗೋಜಾ ಪ್ರಾಂತದ ಆಡಳಿತವು ಉತ್ತಮವಾದ ತ್ಸೈಸ್ ಸೂಕ್ಷ್ಮದರ್ಶಕವೊಂದನ್ನು ಕೊಡುಗೆಯಾಗಿ ನೀಡಿತು. ಆ ಕೊಡುಗೆ ಎಷ್ಟು ಫಲ ಕೊಟ್ಟಿತೆಂಬುದನ್ನು ಕೊಟ್ಟವರು ಸಹ ಊಹಿಸಿರಲಾರರು. ಇಟಲಿಯ ಗಾಲ್ಜಿ ಕಂಡುಹಿಡಿದ ಬೆಳ್ಳಿಯ ಬಣ್ಣದ ವಿಧಾನವನ್ನು ತಿದ್ದಿಕೊಂಡು, ಪ್ರತಿಯೊಂದು ನರಕೋಶವೂ ಬಿಡಿಯಾದ ಘಟಕವೆಂದು 1888ರಲ್ಲಿ ತೋರಿಸಿದರು. ಅದನ್ನು ಪ್ರಕಟಿಸಲು ಸ್ವಂತ ಖರ್ಚಿನಲ್ಲಿಯೇ ಪತ್ರಿಕೆಯೊಂದನ್ನು ಹೊರಡಿಸಿದರು. ಅಚ್ಚಾದ ಪ್ರತಿಗಳು ಕೇವಲ 60! 1906ರಲ್ಲಿ ನೊಬೆಲ್ ಪಾರಿತೋಷಕವು ಗಾಲ್ಜಿಗೂ ಅವರಿಗೂ ಜೊತೆಯಾಗಿ ಸಂದಿತು.

1890ರಲ್ಲಿ ಕೋಳಿಯ ಭ್ರೂಣದಲ್ಲಿ, ಬೆಳೆಯುವ ನರತಂತುವಿನ ತುದಿಯಲ್ಲಿ ಶಂಕುವಿನಾಕಾರದ ಮೊಗ್ಗೊಂದನ್ನು ಅವರು ಕಂಡಿದ್ದರು. ಅದು ಸುತ್ತಣ ಕೋಶಗಳು ಸ್ರವಿಸುವ ದ್ರವ್ಯಗಳ ಸೆಳೆತಕ್ಕೆ ಅನುಸಾರವಾಗಿ ಹಾದಿ ಹಿಡಿಯುತ್ತದೆಂದು ಎರಡು ವರ್ಷಗಳ ಮೇಲೆ ಊಹಿಸಿದರು. ಮೆಣಸಿನ ಬಳ್ಳಿಗೆ ಮರದ ಆಸರೆಯಿದ್ದಂತೆ ನರಕ್ಕೂ ಆಸರೆ ಬೇಕು. 1911ರಲ್ಲಿ ಶಿಷ್ಯರಾದ ತೆಲ್ಲೋ, ಮೊಲದ ಕಾಲಿನ ನರದ ತುಂಡನ್ನು ಅದರ ಮಿದುಳಿನಲ್ಲಿ ನೆಟ್ಟಾಗ, ಬೆಳೆಯವೆಂದು ತಿಳಿದಿದ್ದ ಮಿದುಳಿನ ತಂತುಗಳೂ ಅದರೊಳಕ್ಕೆ ಚಿಗುರಿದವು. ಕೊರತೆಯಿರುವುದು ನರದಲ್ಲಲ್ಲ, ನೆರೆಯಲ್ಲಿ ಎಂದು ಗುರುಶಿಷ್ಯರು ಬಗೆದರು.

ಆ ನೆರೆಯವೇ ಗ್ಲಿಯಾ ಎಂಬ ಆಧಾರಕೋಶಗಳು. ಅವುಗಳಲ್ಲಿ ನಕ್ಷತ್ರಾಕಾರದವನ್ನು ತೋರಿಸಲು ಕಹಾಲರು 1913ರಲ್ಲಿ ಚಿನ್ನದ ಲವಣದ ವಿಧಾನವನ್ನು ರೂಪಿಸಿದರು. ಆದರೆ 1919ರಲ್ಲಿ ರಿಯೋ ಹೊರ್ತೇಗಾ ಎಂಬ ಕಿರಿಯರು ಸೂಕ್ಷ್ಮಗ್ಲಿಯಾವನ್ನು ಬೇರ್ಪಡಿಸಿ ತೋರಿಸಿದಾಗ ಮುನಿದರು; 1920ರಲ್ಲಿ ಹೊರ್ತೇಗಾ ಆ ಪ್ರಯೋಗಶಾಲೆಯನ್ನು ತೊರೆಯಬೇಕಾಯಿತು. ದೊಡ್ಡವರ ಬಾಳಿನಲ್ಲಿ ಈ ಕಲೆಯನ್ನು ಮುಚ್ಚಿಡುವುದು ತರವಲ್ಲ.

1934ರ ಅಕ್ಟೋಬರ್ 17ರಂದು ಕಹಾಲರು ಮ್ಯಾಡ್ರಿಡ್ಡಿನಲ್ಲಿ ದಿವಂಗತರಾದರು. ಅವರ ಊಹೆಗೆ ದೃಢವಾದ ಸಾಕ್ಷ್ಯ ದೊರೆತದ್ದು 1981ರಲ್ಲಿ: ಡೇವಿಡ್ ಮತ್ತು ಅಗುವಾಯೊ ಎಂಬುವರು ಇಲಿಗಳಲ್ಲಿ ಕಾಲಿನ ನರವನ್ನು ಸೇತುವೆಯಾಗಿಟ್ಟಾಗ ಬೆನ್ನುಹುರಿಯ ತಂತುಗಳು ಸುಮಾರು 30 ಮಿಲಿಮೀಟರು ಬೆಳೆದವು. ಗಾಯದ ಸುತ್ತ ನಕ್ಷತ್ರಕೋಶಗಳು ಕೋಶಗಳ ನಡುವಣ ಅಂಟುದ್ರವ್ಯದಲ್ಲಿ ಸೇರಿಸುವ ಕಾಂಡ್ರಾಯ್ಟಿನ್ ಸಲ್ಫೇಟ್ ತಂತುವನ್ನು ತಡೆಯುತ್ತದೆ; ಅದನ್ನು ಕರಗಿಸಿದರೆ ಇಲಿಗಳು ಸ್ವಲ್ಪ ಚೇತರಿಸಿಕೊಳ್ಳುತ್ತವೆಂದು 2002ರಲ್ಲಿ ತಿಳಿಯಿತು. ಆದರೆ ಅದೇ ಕೋಶಗಳು ಕಟ್ಟುವ ಗಾಯದ ಗಂಟು ಬೆಳವಣಿಗೆಗೆ ನೆರವೂ ಆಗಬಲ್ಲುದೆಂದು 2016ರ ಪ್ರಯೋಗಗಳು ಸೂಚಿಸಿದವು. ಮರದಿಂದ ಬಿದ್ದವನನ್ನು ಮತ್ತೆ ತೋಟಕ್ಕೆ ನಡೆಸಿಕೊಂಡು ಹೋಗುವ ಮದ್ದು ಇನ್ನೂ ವೈದ್ಯರ ಕೈಸೇರಿಲ್ಲ.