ಕಿತ್ತೂರಿನ ಸೆರೆಯಾಳು ಕಲ್ಲು ಓದಿಸಿದ

ಸಾಲಹಳ್ಳಿಯ ಹೊಲದಾಗ ನೇಗಿಲಿಗೆ ಹಳೇ ಹೊನ್ನೊಂದು ತಗುಲಿತೆನ್ನಿ. ಸರಕಾರಕ್ಕೆ ತಿಳಿಸಬೇಕೆಂಬ ಕಾಯ್ದೆ 1878ರಿಂದಲೇ ಇದೆ, ಅದು ಬೇರೆ ಮಾತು. ಅಕ್ಕಸಾಲಿಗನಿಗೆ ಅದು ತೂಕದ ಬಂಗಾರ. ಲಿಲಾವಿನಲ್ಲಾದರೆ ಯಾವ ಅರಸನದು ಎಂಬುದರ ಮೇಲೆ ಸವಾಲು ಏರುತ್ತದೆ. ಈ ಗುರುತು ಹಚ್ಚುವ ಕೆಲಸಕ್ಕೆ ಮೊದಲು ಕೈ ಹಾಕಿದವರಲ್ಲಿ ವಾಲ್ಟರ್ ಎಲಿಯಟ್ ಸಾಹೇಬನೂ ಒಬ್ಬ.

ಹುಟ್ಟಿದ್ದು 1803ರಲ್ಲಿ, ಎಡಿನ್‌ಬರೋದಲ್ಲಿ. ಕಂಪನಿ ನೌಕರಿ ಹಿಡಿದು ಧಾರವಾಡ ಸೀಮೆಗೆ ಬಂದು ಕಲೆಕ್ಟರ್ ಥ್ಯಾಕರೆಯ ಕೈಕೆಳಗೆ ಸೇರಿದ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆ ಹೆಣವಾಗಿ ಬಿದ್ದ. ಎಲಿಯಟ್, ಸ್ಟೀವನ್‌ಸನ್ ಇಬ್ಬರೂ ಸೆರೆಸಿಕ್ಕರು. ರಾಣಿ ಚೆನ್ನಮ್ಮ ಕೊಲ್ಲಿಸಲಿಲ್ಲ, ಡಿಸೆಂಬರಿನಲ್ಲಿ ಬಿಟ್ಟು ಕಳಿಸಿದರು. ಆ ಉಪಕಾರಕ್ಕೆ ಕಂಪನಿ ಕೊಟ್ಟ ಬೆಲೆ ಎಲ್ಲರಿಗೂ ಗೊತ್ತು: ಕೋಟೆ ಹೋಯಿತು, ರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡರು.

ಬದುಕುಳಿದವನು ಕನ್ನಡ ನಾಡಿನ ಶಾಸನಗಳ ಬೆನ್ನು ಹತ್ತಿದ. ಗುಡಿ ಗೋಡೆ, ಊರ ಮುಂದಿನ ಕಲ್ಲು ಯಾವುದನ್ನೂ ಬಿಡಲಿಲ್ಲ. ಕಲ್ಲು ಇದ್ದಲ್ಲೇ ಇತ್ತು, ಅಕ್ಷರ ಮಾತ್ರ ಕಾಗದಕ್ಕೆ ಇಳಿಯಿತು. ಹೀಗೆ ಕೂಡಿಸಿದ್ದು 595 ಶಾಸನ! ಅವನ್ನೇ ಹಿಡಿದು ಚಾಲುಕ್ಯ ಅರಸರ ಸಾಲು ಹಚ್ಚಿ 1837ರಲ್ಲಿ ಲೇಖನ ಅಚ್ಚು ಹಾಕಿಸಿದ.

ಮದ್ರಾಸ್ ಸೀಮೆಗೆ ಹೋದ ಮೇಲೆ ಈ ಜಾಣತನ ಉಳಿಯಲಿಲ್ಲ. 1845ರಲ್ಲಿ ಆಂಧ್ರದ ಅಮರಾವತಿ ಸ್ತೂಪ ಅಗೆಸಿ ಶಿಲ್ಪಗಳನ್ನು ಮದ್ರಾಸಿಗೆ ಸಾಗಿಸಿದ. ವರ್ಷಗಟ್ಟಲೆ ಬಿಸಿಲು ಮಳೆಗೆ ಬಿದ್ದು, 1859ರಲ್ಲಿ ಅವು ಹಡಗು ಹತ್ತಿದವು. ಇಂದಿಗೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ನಮ್ಮ ಕಲ್ಲುಗಳು ಬಚಾವಾದವು ಎನ್ನಬೇಕು.

ಕಡೆಗಾಲಕ್ಕೆ ಸಾಹೇಬನ ಕಣ್ಣು ಹೋದವು. ಆದರೂ ದಕ್ಷಿಣ ಭಾರತದ ನಾಣ್ಯಗಳ ಪುಸ್ತಕ ಬಿಡದೆ ಮುಗಿಸಿದ. ಅದು 1886ರಲ್ಲಿ ಹೊರಬಂತು. ಮರುವರ್ಷ ಮಾರ್ಚ್ 1ಕ್ಕೆ ಸ್ಕಾಟ್ಲೆಂಡಿನಲ್ಲಿ ತೀರಿಕೊಂಡ.