ಕಡಲ ತಾಯಿ ಕ್ಯಾಥ್ಲೀನ್ ಡ್ರೂ-ಬೇಕರ್

ಸಮುದ್ರತೀರದ ಬಂಡೆಗಳ ಮೇಲಣ ಪಾಚಿಯನ್ನು ಕಾಲು ಜಾರಿಸುವ ಕಸವೆಂದು ಬಗೆದು ದಾಟಿಹೋಗುವವರೇ ಬಹುಮಂದಿ. ಅದನ್ನೇ ಜೀವಮಾನದ ವ್ಯಾಸಂಗವನ್ನಾಗಿ ಮಾಡಿಕೊಂಡು, ತಾವು ಎಂದೂ ಕಾಣದ ನಾಡಿನ ಅಸಂಖ್ಯ ಸಂಸಾರಗಳಿಗೆ ಜೀವನೋಪಾಯವನ್ನು ಒದಗಿಸಿಕೊಟ್ಟ ವಿದುಷಿ ಕ್ಯಾಥ್ಲೀನ್ ಮೇರಿ ಡ್ರೂ.

1901ರ ನವೆಂಬರ್ 6ರಂದು ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ಲೀ ಎಂಬ ಊರಿನಲ್ಲಿ ಜನಿಸಿದ ಅವರು ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರವನ್ನು ಅಭ್ಯಸಿಸಿ, 1922ರಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ, ಅಲ್ಲಿಯೇ ಅಧ್ಯಾಪಕಿಯಾದರು. 1928ರಲ್ಲಿ ಹೆನ್ರಿ ರೈಟ್ ಬೇಕರ್ ಅವರನ್ನು ವರಿಸಿದಾಗ, ವಿವಾಹಿತ ಸ್ತ್ರೀಯರಿಗೆ ಉದ್ಯೋಗವಿಲ್ಲವೆಂಬ ಅಂದಿನ ನಿಯಮದಿಂದ ಆ ಹುದ್ದೆ ಕೈತಪ್ಪಿತು. ಹುದ್ದೆ ಹೋಯಿತೇ ಹೊರತು ಹಂಬಲ ಹೋಗಲಿಲ್ಲ. ಇಬ್ಬರು ಮಕ್ಕಳನ್ನು ಸಲಹುತ್ತ, ಗೌರವ ಸಂಶೋಧಕಿಯಾಗಿ ಪ್ರಯೋಗಶಾಲೆಯ ನಂಟನ್ನು ಉಳಿಸಿಕೊಂಡು, 1939ರಲ್ಲಿ ಡಿ.ಎಸ್‌ಸಿ. ಪದವಿಯನ್ನು ಪಡೆದರು.

ಬಿರುಗಾಳಿಯ ತೆರೆಗಳು ಬಂಡೆಯನ್ನು ಬರಿದುಗೊಳಿಸಿದರೆ, ಬೇಗ ಬೆಳೆಯುವ ತೆಳುಪಾಚಿಗಳು ಮೊದಲು ಬಂದು ನೆಲಸುತ್ತವೆ. ನಿಧಾನವಾಗಿ ಬೆಳೆದು ಬಹುಕಾಲ ಬಾಳುವ ಕಂದುಪಾಚಿಗಳು ತರುವಾಯ ಆ ಸ್ಥಳವನ್ನು ಆಕ್ರಮಿಸುತ್ತವೆ. ಹೀಗೆ ಮೊದಲು ಬರುವ ಗುಂಪಿನಲ್ಲಿ ಪೊರ್ಫೈರವೆಂಬ ಕೆಂಪುಪಾಚಿಯೂ ಉಂಟು. ಇದರ ಬಳಗದ್ದೇ ಜಪಾನೀಯರ ಆಹಾರವಾದ ನೋರಿ. ಬೇಸಗೆಯಲ್ಲಿ ಅಳಿದು ಶರತ್ಕಾಲದಲ್ಲಿ ಮತ್ತೆ ಮೂಡುವ ಈ ಪಾಚಿಯ ಬೀಜ ನಡುವಣ ತಿಂಗಳುಗಳಲ್ಲಿ ಎಲ್ಲಿ ಅಡಗಿರುತ್ತದೆಂಬುದು ಅದನ್ನು ಬೆಳೆಯುತ್ತಿದ್ದವರಿಗೂ ತಿಳಿದಿರಲಿಲ್ಲ. ಬೆಳೆ ಬಂದರೆ ಬಂತು, ಬಾರದಿದ್ದರೆ ಉಪವಾಸ.

ಡ್ರೂ ಅವರು ಪೊರ್ಫೈರದ ಬೀಜಾಣುಗಳನ್ನು ಚಿಪ್ಪುಗಳ ಮೇಲೆ ಬೆಳೆಸಿ ನೋಡಿದರು. ಅವು ಚಿಪ್ಪನ್ನು ಕೊರೆದು ಒಳಹೊಕ್ಕು ನಸುಗೆಂಪಿನ ಎಳೆಗಳಾಗಿ ಹರಡಿದವು. 1892ರಿಂದಲೂ ಕಾಂಕೊಸೆಲಿಸ್ ಎಂಬ ಬೇರೊಂದು ಪಾಚಿಯೆಂದು ವಿದ್ವಾಂಸರು ಎಣಿಸಿದ್ದುದು ಈ ಎಳೆಗಳನ್ನೇ! ಎರಡೂ ಒಂದೇ ಜೀವದ ಎರಡು ಅವಸ್ಥೆಗಳೆಂಬುದನ್ನು ಅವರು 1949ರಲ್ಲಿ ನೇಚರ್ ಪತ್ರಿಕೆಯ ಕಿರುಲೇಖನದಲ್ಲಿ ಪ್ರಕಟಿಸಿದರು.

ಕ್ಯೂಶು ವಿಶ್ವವಿದ್ಯಾನಿಲಯದ ಸೆಗಾವ ಸೋಕಿಚಿ ಮೊದಲಾದವರು ಈ ತತ್ತ್ವವನ್ನು ನೋರಿಗೆ ಅನ್ವಯಿಸಿದರು. 1950ರ ದಶಕದಲ್ಲಿ, ತೊಟ್ಟಿಗಳಲ್ಲಿ ಚಿಪ್ಪುಗಳೊಳಗೆ ಬೀಜವನ್ನು ಕಾಪಾಡಿ, ಶರತ್ಕಾಲದಲ್ಲಿ ಬಲೆಗಳಿಗೆ ಹತ್ತಿಸುವ ವಿಧಾನ ಸಿದ್ಧವಾಯಿತು. ಅದೃಷ್ಟವನ್ನು ನಂಬಿದ್ದ ಬೇಸಾಯಕ್ಕೆ ಶಾಸ್ತ್ರದ ಆಧಾರ ದೊರಕಿತು.

1952ರಲ್ಲಿ ಸ್ಥಾಪಿತವಾದ ಬ್ರಿಟಿಷ್ ಪಾಚಿಶಾಸ್ತ್ರ ಸಂಘಕ್ಕೆ ಅವರೇ ಪ್ರಥಮಾಧ್ಯಕ್ಷೆ. 1957ರ ಸೆಪ್ಟೆಂಬರ್ 14ರಂದು, 55ನೆಯ ವಯಸ್ಸಿನಲ್ಲಿ ಕಾಲವಶರಾದರು. ಜಪಾನಿನ ನೆಲವನ್ನು ಅವರು ಮೆಟ್ಟಲೇ ಇಲ್ಲ. ಆದರೂ ಅಲ್ಲಿಯ ಜನ ಅವರನ್ನು ಕಡಲ ತಾಯಿಯೆಂದು ಕರೆದು, 1963ರಲ್ಲಿ ಆರಿಯಾಕೆ ಕೊಲ್ಲಿಯ ದಂಡೆಯ ಉತೊ ಊರಿನಲ್ಲಿ ಸ್ಮಾರಕಶಿಲೆಯನ್ನು ನಿಲ್ಲಿಸಿದರು. ವರ್ಷವರ್ಷವೂ ಏಪ್ರಿಲ್ 14ರಂದು ಅಲ್ಲಿ ನೆರೆದು ಅವರನ್ನು ನೆನೆಯುವ ಪದ್ಧತಿ ಬೆಳೆದುಬಂತು. ವೇತನದ ಹುದ್ದೆಯನ್ನು ಕಳೆದುಕೊಂಡ ಮೇಲೂ ಕೈಬಿಡದೆ ನಡೆಸಿದ ವಿದ್ಯೆಯ ಫಲವಿದು.